ಫೋಟೊ ತೆಗೆದವರು ನಿಂತ ಜಾಗ

ನಮ್ಮ ಕಡೆ ಫೋಟೊ ನೋಡಿದವರ ಬಾಯಿಂದ ಬರೋದು ಎರಡೇ ಮಾತು. ಒಂದು, 'ಛಂದ ಬಂದದ'. ಇನ್ನೊಂದು, 'ಛಂದ ಬಂದಿಲ್ಲ'. ಮದುವೆಯ ಆಲ್ಬಮ್ ಆಗಲಿ, ಜಾತ್ರೆಯ ತೇರಿನ ಚಿತ್ರ ಆಗಲಿ, ಶಾಲೆಯ ಮಕ್ಕಳ ಗುಂಪಿನ ಚಿತ್ರ ಆಗಲಿ, ಮಾತು ಅಲ್ಲಿಗೇ ಮುಗೀತು. ಹೊಲದ ವಿಷಯ ಬಂದರ ನಾವು ಹಿಂಗ ಮಾತಾಡಂಗಿಲ್ಲ. ಜೋಳದ ತೆನಿ ಕೈಯಾಗ ಹಿಡಿದು ಕಾಳು ಎಂಥಾದ್ದು, ಬಿತ್ತಿದ್ದು ಯಾವಾಗ, ಭೂಮಿ ಕೆಂಪೋ ಕರಿಯೋ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರ. ಭಜನಿಗೆ ಕುಂತಾಗ ತಾಳ ತಪ್ಪಿದವನನ್ನ ಅಲ್ಲೇ ಹಿಡೀತಾರ. ತಪ್ಪಿದವನೂ ಸಿಟ್ಟಾಗದ ತಿದ್ದಿಕೊಳ್ತಾನ. ಆ ಕಲೆಗಳು ನಮ್ಮ ಊರೊಳಗ ಉಳಿದದ್ದು ಹಿಂಗ ಕೂಡಿ ಕುಂತು ಮಾತಾಡಿದ್ದರಿಂದಲೇ.

ಫೋಟೊಕ್ಕೂ ಇಂಥಾ ಮಾತಿನ ಒಂದು ಚರಿತ್ರೆ ಇದೆ. ಹೊಟ್ಟೆಪಾಡಿಗೆ ಅಲ್ಲದೆ ಬರೀ ಪ್ರೀತಿಯಿಂದ ಚಿತ್ರ ತೆಗೆಯುವವರು ಒಂದೆಡೆ ಸೇರಿ, ಒಬ್ಬರ ಚಿತ್ರವನ್ನು ಇನ್ನೊಬ್ಬರ ಮುಂದೆ ಇಟ್ಟು, ಇದರಲ್ಲಿ ಏನು ಸರಿ, ಏನು ತಪ್ಪು ಎಂದು ಮಾತಾಡಿಕೊಂಡು ಬಂದದ್ದಕ್ಕೆ ಸುಮಾರು 170 ವರ್ಷ ಆಗಿವೆ. ಆ ಚರಿತ್ರೆ ಲಂಡನ್, ಕಲ್ಕತ್ತಾ, ಬೆಂಗಳೂರುಗಳಲ್ಲಿ ನಡೆದು, ಅದರ ಒಂದು ದೊಡ್ಡ ಮಾತು ನಮ್ಮ ಜಹೀರಾಬಾದಿನ ಪಕ್ಕದಲ್ಲೇ ಹುಟ್ಟಿತು. ಅದನ್ನು ಹುಟ್ಟಿಸಿದವರು ಕೂಲಿ ಮಾಡುವ, ಸಣ್ಣ ಹೊಲ ಇರುವ ಹೆಣ್ಣುಮಕ್ಕಳು. ಅಲ್ಲಿಗೆ ಮುಟ್ಟುವ ಮೊದಲು ಹಿಂದಿನಿಂದ ಬರೋಣ.

ಫೋಟೊಗ್ರಫಿ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ, ಪ್ಯಾರಿಸ್ಸಿನಲ್ಲಿ. ಲಂಡನ್ನಿನಲ್ಲಿ 1853ರಲ್ಲಿ ಒಂದು ಫೋಟೊ ಸಂಘ ಶುರುವಾಯಿತು. ಮರುವರ್ಷ 1854ರಲ್ಲಿ ಮುಂಬೈಯಲ್ಲಿ, 1856ರಲ್ಲಿ ಕಲ್ಕತ್ತಾ ಮತ್ತು ಮದ್ರಾಸುಗಳಲ್ಲಿ ಸಂಘಗಳು ಹುಟ್ಟಿದವು. ಆಗಿನ ಕ್ಯಾಮೆರಾ ಅಂದ್ರ ಒಂದು ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ಗಾಜಿನ ಹಲಗೆ, ಔಷಧದ ಸೀಸೆಗಳು. ಎಲ್ಲವನ್ನೂ ಹೊರಿಸಿಕೊಂಡು ಹೋಗಲು ಆಳು ಬೇಕು, ರೊಕ್ಕ ಬೇಕು, ಬಿಡುವು ಬೇಕು. ಹಾಗಾಗಿ ಸದಸ್ಯರಾದವರು ಕಂಪನಿಯ ಅಧಿಕಾರಿಗಳು, ಡಾಕ್ಟರುಗಳು, ದೊಡ್ಡ ಮನೆತನದವರು. ಅವರು ಸೇರಿ ಚಿತ್ರಗಳನ್ನು ತೋರಿಸಿಕೊಳ್ಳುತ್ತಿದ್ದರು, ಈ ದೇಶದ ಬಿಸಿಲಿಗೆ ಯಾವ ಔಷಧ ಎಷ್ಟು ಹೊತ್ತು ತಾಳುತ್ತದೆ ಎಂದು ಚರ್ಚೆ ಮಾಡುತ್ತಿದ್ದರು.

ಕಲ್ಕತ್ತಾದ ಸಂಘದಲ್ಲಿ ರಾಜೇಂದ್ರಲಾಲ ಮಿತ್ರ ಎಂಬ ದೊಡ್ಡ ವಿದ್ವಾಂಸರಿದ್ದರು. 1857ರಲ್ಲಿ ಅವರು ಒಂದು ಸಭೆಯಲ್ಲಿ ನೀಲಿ ಬೆಳೆಸುವ ಬಿಳಿಯ ತೋಟದ ದೊರೆಗಳ ವಿರುದ್ಧ ಮಾತಾಡಿದರು. ಅದು ಫೋಟೊದ ಸಭೆಯೇ ಅಲ್ಲ. ಆದರೂ ಆ ಮಾತಿಗಾಗಿ ಅವರು ಫೋಟೊ ಸಂಘದಿಂದ ಹೊರಬೀಳಬೇಕಾಯಿತು. ಅವರ ಚಿತ್ರದಲ್ಲಿ ಯಾರೂ ತಪ್ಪು ಹಿಡಿಯಲಿಲ್ಲ, ಹಿಡಿದದ್ದು ಅವರ ಮಾತಿನಲ್ಲಿ. ಚಿತ್ರದ ಮುಂದೆ ಎಲ್ಲರೂ ಸಮ ಅಂತ ಕುಂತ ಜಾಗದಲ್ಲೂ ಯಾರು ಮೇಲೆ, ಯಾರು ಕೆಳಗೆ ಎಂಬ ಲೆಕ್ಕ ನಡೆದೇ ಇತ್ತು. ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳ್ರಿ, ಮುಂದೆ ಬೇಕಾಗ್ತದ.

ಈಗ ನಮ್ಮ ಸೀಮೆಗೆ ಬರೋಣ. ನಾವೆಲ್ಲ ಆಗ ನಿಜಾಮನ ರಾಜ್ಯದವರು. ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯೊಳಗ ಇದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯೊಳಗ ಇತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ನಾರಾಯಣಖೇಡ ತಾಲ್ಲೂಕು, ತಾಂಡೂರು ತಾಲ್ಲೂಕು ಎಲ್ಲವೂ ಆಂಧ್ರಪ್ರದೇಶಕ್ಕೆ ಸೇರಿದವು. 2016ರಿಂದ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಜಿಲ್ಲೆ ಬದಲಾದವು, ರಾಜ್ಯ ಬದಲಾದವು, ಮನೆಯೊಳಗಿನ ಕನ್ನಡ ಉಳಿಯಿತು.

ನಿಜಾಮನ ರಾಜ್ಯದಲ್ಲಿ ಫೋಟೊ ಅಂದ್ರ ಮೊದಲು ಬರುವ ಹೆಸರು ಲಾಲಾ ದೀನ್ ದಯಾಳ್. 1844ರಲ್ಲಿ ಉತ್ತರದ ಸರ್ಧನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಇಂಜಿನಿಯರಿಂಗ್ ಓದಿ, ಇಂದೋರಿನಲ್ಲಿ ನೌಕರಿ ಮಾಡುತ್ತ ಕ್ಯಾಮೆರಾ ಹಿಡಿದವರು ಅವರು. ಅಂದ್ರ ಅವರೂ ಶುರುಮಾಡಿದ್ದು ಹವ್ಯಾಸವಾಗಿಯೇ. 1880ರ ದಶಕದಲ್ಲಿ ಸಿಕಂದರಾಬಾದಿಗೆ ಬಂದು ಸ್ಟುಡಿಯೊ ಇಟ್ಟರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರಿಗೆ ರಾಜಾ ಮುಸವ್ವಿರ್ ಜಂಗ್ ಬಹಾದ್ದೂರ್ ಎಂಬ ಬಿರುದು ಕೊಟ್ಟ. ಗೋಷಾದ ಹೆಣ್ಣುಮಕ್ಕಳು ಗಂಡಸರ ಮುಂದೆ ಕೂಡ್ರುವುದಿಲ್ಲ ಎಂದು 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಬೇರೆ ಸ್ಟುಡಿಯೊ ತೆರೆದರು. ಅದನ್ನು ನಡೆಸಿದ್ದೂ ಒಬ್ಬ ಇಂಗ್ಲಿಷ್ ಹೆಣ್ಣುಮಗಳು. 1905ರಲ್ಲಿ ದೀನ್ ದಯಾಳ್ ತೀರಿಕೊಂಡರು.

ಅವರ ಚಿತ್ರಗಳು ಇವತ್ತಿಗೂ ನೋಡಿದರೆ ಕಣ್ಣು ಕೀಳಲಾಗದು. ಅರಮನೆ, ದರ್ಬಾರು, ಬೇಟೆ, ಫೌಜು, ಜೊತೆಗೆ ರಾಜ್ಯದ ಕ್ಷಾಮ ಪರಿಹಾರದ ಕೆಲಸಗಳು. ಕ್ಷಾಮದ ಚಿತ್ರಗಳಲ್ಲಿ ಸಾಲಾಗಿ ಕುಂತ, ನಿಂತ ಬಡವರಿದ್ದಾರೆ. ಆ ಚಿತ್ರ ಸೇರಿದ್ದು ದೊರೆಗಳ ಆಲ್ಬಮ್ಮಿಗೆ. ಸಾಲಿನಲ್ಲಿ ನಿಂತವರ ಕೈಗೆ ಅದು ಬಂದು, ಅವರು ನೋಡಿ, 'ಇದು ಹಿಂಗಲ್ಲ, ಅವತ್ತು ಹಿಂಗಿತ್ತು' ಎಂದು ಹೇಳುವ ದಾರಿಯೇ ಇರಲಿಲ್ಲ. ಇದಕ್ಕೆ ದೀನ್ ದಯಾಳರನ್ನು ದೂರುವುದು ಬೇಡ. ಆ ಕಾಲದ ಫೋಟೊ ಅಂದ್ರ ಹಂಗೇ. ತೆಗೆಯುವವರು ಕೆಲವರು, ನೋಡುವವರು ಇನ್ನೂ ಕೆಲವರು. ಚಿತ್ರದೊಳಗಿನವರಿಗೆ ಎರಡರಲ್ಲೂ ಪಾಲಿಲ್ಲ.

ಕ್ಯಾಮೆರಾ ಸಾಮಾನ್ಯರ ಕೈಗೆ ಬಂದದ್ದು ನಿಧಾನವಾಗಿ. ಅಮೆರಿಕದಲ್ಲಿ 1888ರಲ್ಲಿ ಕೊಡಕ್ ಕಂಪನಿ ಸುರುಳಿ ಫಿಲಂ ತುಂಬಿದ ಪುಟ್ಟ ಕ್ಯಾಮೆರಾ ಮಾರಿತು. ನೂರು ಚಿತ್ರ ತೆಗೆದು ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿದರೆ ಅವರೇ ತೊಳೆದು ಕೊಡುತ್ತಿದ್ದರು. 1900ರಲ್ಲಿ ಅದೇ ಕಂಪನಿಯ ಬ್ರೌನಿ ಎಂಬ ರಟ್ಟಿನ ಪೆಟ್ಟಿಗೆ ಕ್ಯಾಮೆರಾ ಒಂದು ಡಾಲರಿಗೆ ಬಂತು. ನಮ್ಮ ದೇಶದಲ್ಲಿ ನಡುವಿನ ತರಗತಿಯ ಮನೆಗಳಿಗೆ ಕ್ಯಾಮೆರಾ ಬಂದದ್ದು ಮುಖ್ಯವಾಗಿ ಬರೋಡಾದಲ್ಲಿ ತಯಾರಾದ ಅಗ್ಫಾ ಕ್ಲಿಕ್ ಥ್ರೀ ಮೂಲಕ. ಬಿಸಿಲಿಗೆ ಒಂದು ಗುರುತು, ಮೋಡಕ್ಕೆ ಒಂದು ಗುರುತು. ಒಂದು ಸುರುಳಿಗೆ 12 ಚಿತ್ರ. ಹನ್ನೆರಡು ಮುಗಿದರ ಮತ್ತ ರೊಕ್ಕ. ಹಾಗಾಗಿ ಒತ್ತುವ ಮೊದಲು ಹತ್ತು ಸಲ ಯೋಚನೆ. ಈಗಿನ ಹುಡುಗರು ಒಂದು ನಿಮಿಷಕ್ಕೆ ತೆಗೆಯುವ ಚಿತ್ರ ಆಗ ಒಂದು ಹಬ್ಬಕ್ಕೆ ಸಾಕಾಗುತ್ತಿತ್ತು.

ಯೋಚನೆ ಮಾಡಿ ತೆಗೆಯುವವರಿಗೆ ಜೊತೆಗಾರರು ಬೇಕಾಗ್ತಾರ. ಕನ್ನಡ ನಾಡಿನಲ್ಲಿ ಅಂಥವರು ಕೂಡಿದ್ದು ಹೆಚ್ಚಾಗಿ ಬೆಂಗಳೂರಿನಲ್ಲಿ. ಅಲ್ಲಿ ಡಾ. ಜಿ. ಥಾಮಸ್ ಎಂಬವರಿದ್ದರು. ದೇಶದ ಹವ್ಯಾಸಿ ಸಂಘಗಳನ್ನೆಲ್ಲ ಒಂದು ಒಕ್ಕೂಟಕ್ಕೆ ತಂದವರಲ್ಲಿ ಮುಖ್ಯರು ಅವರೇ. 1950ರ ದಶಕದ ಮೊದಲಲ್ಲಿ ಹುಟ್ಟಿದ ಆ ಒಕ್ಕೂಟ ಇಂದಿಗೂ ಇದೆ. 1971ರಲ್ಲಿ ಬೆಂಗಳೂರಿನಲ್ಲೇ ಯೂತ್ ಫೋಟೊಗ್ರಫಿಕ್ ಸೊಸೈಟಿ ಶುರುವಾಯಿತು. ಈ ಬಳಗಗಳಿಂದ ಬಂದ ಹೆಸರುಗಳು ಸಣ್ಣವಲ್ಲ. ಇ. ಹನುಮಂತರಾವ್ (1930–2000), ಟಿ.ಎನ್.ಎ. ಪೆರುಮಾಳ್ (1932–2017) ಕಾಡಿನ ಚಿತ್ರಗಳಿಗೆ ಲೋಕದಲ್ಲೇ ಹೆಸರಾದರು. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ 1970ರ ದಶಕದಲ್ಲಿ ಕರ್ನಾಟಕದ ಹಣಕಾಸು ಮಂತ್ರಿಯಾಗಿದ್ದವರು. ಅವರೂ ಕ್ಯಾಮೆರಾ ಹೊತ್ತು ಕಾಡು ತಿರುಗಿದವರೇ.

ಇಂಥ ಸಂಘದಲ್ಲಿ ಏನು ನಡೀತದ ಅಂತ ನಮ್ಮ ಓದುಗರಿಗೆ ಹೇಳಬೇಕು. ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿ, ರಟ್ಟಿಗೆ ಅಂಟಿಸಿ, ಬೆಳಕಿನ ಕೆಳಗೆ ನಿಲ್ಲಿಸುತ್ತಾರೆ. ತೆಗೆದವರ ಹೆಸರು ಮುಂದೆ ಇರುವುದಿಲ್ಲ. ಹೆಸರು ಕಂಡರೆ ಮಂತ್ರಿಯ ಚಿತ್ರಕ್ಕೆ ಒಂದು ಮಾತು, ಗುಮಾಸ್ತನ ಚಿತ್ರಕ್ಕೆ ಇನ್ನೊಂದು ಮಾತು ಬರುತ್ತದೆ ಅಂತ ಈ ಏರ್ಪಾಡು. ಆಮೇಲೆ ತಿಳಿದವರು ಮಾತಾಡುತ್ತಾರೆ. ಸಂಜೆಯ ಹೊತ್ತು ಕುರಿ ಹಿಂಡು ಮನೆಗೆ ಬರುವ ಚಿತ್ರ ಇದೆ ಅಂದುಕೊಳ್ಳ್ರಿ. ಧೂಳಿಗೆ ಬಿಸಿಲು ಬಿದ್ದು ಬಂಗಾರದಂಗ ಕಾಣ್ತದ, ಇದು ಒಳ್ಳೇದು. ಆದರ ಭೂಮಿಯ ಗೆರೆ ವಾಲ್ಯಾದ. ಕುರುಬನ ತಲೆಯ ಹಿಂದೆ ವಿದ್ಯುತ್ ಕಂಬ ಬಂದು, ಕಂಬ ಅವನ ತಲೆಯಿಂದಲೇ ಎದ್ದಂಗ ಕಾಣ್ತದ. ಎರಡು ಹೆಜ್ಜಿ ಎಡಕ್ಕ ಸರಿದಿದ್ದರ ಕಂಬ ತಪ್ಪುತ್ತಿತ್ತು. ಮೂಲೆಯಲ್ಲಿ ಬಿಳಿ ಪ್ಲಾಸ್ಟಿಕ್ ಚೀಲ ಬಿದ್ದದ, ಕಣ್ಣು ಮೊದಲು ಅಲ್ಲಿಗೇ ಓಡ್ತದ. ಕುರುಬ ಬಲಕ್ಕೆ ನಡೆಯುತ್ತಿದ್ದಾನೆ, ಬಲಕ್ಕೇ ಜಾಗ ಇಲ್ಲ, ಚಿತ್ರದ ಅಂಚಿಗೆ ಹೋಗಿ ಹಾಯ್ದಂಗ ಅನಸ್ತದ.

ನೋಡ್ರಿ, ಇದರಲ್ಲಿ ಒಂದು ಮಾತೂ ಬೈಗುಳ ಅಲ್ಲ, ಒಂದು ಮಾತೂ ಬರೀ ಹೊಗಳಿಕೆ ಅಲ್ಲ. ಪ್ರತಿಯೊಂದು ಮಾತಿಗೂ ಮುಂದಿನ ಸಲ ಏನು ಮಾಡಬೇಕು ಎಂಬುದು ಅಂಟಿಕೊಂಡಿದೆ. ಬಡಿಗತನ ಕಲಿಸುವ ಹಿರಿಯ ಹಿಂಗೇ ಮಾತಾಡ್ತಾನ: 'ಉಳಿ ಇಲ್ಲಿ ಹಿಡಿ, ಅಲ್ಲಿ ಅಲ್ಲ.'

ಈ ಮಾತುಕತೆ ಚಿತ್ರದ ಅಂಚಿನೊಳಗೇ ನಿಲ್ಲಲಿಲ್ಲ ಎಂಬುದಕ್ಕೆ ಒಂದು ಉದಾಹರಣೆ ಇದೆ. ಮೊದಲಿಗೆ ಹಕ್ಕಿ ಗೂಡಿನ ಚಿತ್ರಗಳಿಗೆ ಸಂಘಗಳಲ್ಲಿ ಭಾಳ ಬೆಲೆ ಇತ್ತು. ತಾಯಿ ಹಕ್ಕಿ ಮರಿಯ ಬಾಯಿಗೆ ಹುಳ ಇಡುವ ಚಿತ್ರಕ್ಕೆ ಬಹುಮಾನ. ಕ್ಯಾಮೆರಾ ಹಿಡಿದವರು ಹೆಚ್ಚಾದಂತೆ ಒಂದು ಪ್ರಶ್ನೆ ಎದ್ದಿತು. ಗೂಡು ಚೆನ್ನಾಗಿ ಕಾಣಲಿ ಅಂತ ಸುತ್ತಲಿನ ಟೊಂಗೆ ಕತ್ತರಿಸಿದರೆ ಮರಿಗಳಿಗೆ ಬಿಸಿಲು ಬಡೀತದ, ಕಾಗೆ ಹದ್ದುಗಳಿಗೆ ಗೂಡು ಕಾಣ್ತದ, ಹೆದರಿದ ತಾಯಿ ಗೂಡು ಬಿಟ್ಟೇ ಹೋಗಬಹುದು. ಹಾಗಾಗಿ ಈಗ ಅನೇಕ ಸಂಘಗಳು ಗೂಡಿನ ಚಿತ್ರವನ್ನು ಸ್ಪರ್ಧೆಗೆ ತೆಗೆದುಕೊಳ್ಳುವುದೇ ಇಲ್ಲ. ಚಿತ್ರ ಎಷ್ಟು ಛಂದ ಇದ್ದರೂ ಅದನ್ನು ಹೆಂಗ ತೆಗೆದರು ಎಂಬುದೂ ಲೆಕ್ಕಕ್ಕೆ ಬಂತು. ಇದು ಕಾನೂನಿನಿಂದಷ್ಟೇ ಬಂದ ಬುದ್ಧಿ ಅಲ್ಲ. ಚಿತ್ರದ ಮುಂದೆ ಕುಂತು ವರುಷಗಟ್ಟಲೆ ಮಾತಾಡಿದ್ದರಿಂದ ಬಂದದ್ದು.

ಹಕ್ಕಿಯ ಬಗ್ಗೆ ಎದ್ದ ಈ ಪ್ರಶ್ನೆಯನ್ನು ಮನುಷ್ಯರ ಬಗ್ಗೆ ಕೇಳಿದವರು ಯಾರು? ಇಲ್ಲಿ ನಾವು ಬೆಂಗಳೂರು ಬಿಟ್ಟು ನಮ್ಮ ಕೆಂಪು ನೆಲಕ್ಕೆ ಬರಬೇಕು.

1975ರ ಆಗಸ್ಟಿನಿಂದ 1976ರ ಜುಲೈವರೆಗೆ ಭಾರತದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ತೋರಿಸಿದರು. 'ಸೈಟ್' ಎಂದು ಅದರ ಹೆಸರು. ಕರ್ನಾಟಕದ ಕಡೆಯಿಂದ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆಂಧ್ರದ ಹಳ್ಳಿಗಳೂ ಇದ್ದವು. ಹಳ್ಳಿಯವರು ರಾತ್ರಿ ಸೇರಿ ಒಕ್ಕಲುತನ, ಆರೋಗ್ಯದ ಕಾರ್ಯಕ್ರಮ ನೋಡಿದರು. ನೋಡಿದ್ದು ಹಳ್ಳಿ, ಮಾಡಿದ್ದು ಶಹರು. ಹಳ್ಳಿಯವರು ತಿರುಗಿ ಮಾತಾಡಲು ಟಿವಿಯಲ್ಲಿ ದಾರಿ ಇರಲಿಲ್ಲ.

ಆ ಪ್ರಯೋಗದಲ್ಲಿ ದುಡಿದವರಲ್ಲಿ ಒಬ್ಬರು ಪಿ.ವಿ. ಸತೀಶ್. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ಕಾರ್ಯಕ್ರಮ ಮಾಡುತ್ತಿದ್ದವರು. ಅವರು ಕೆಲವು ಗೆಳೆಯರೊಂದಿಗೆ 1980ರ ದಶಕದಲ್ಲಿ ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಹಳ್ಳಿ ಹಳ್ಳಿಯಲ್ಲಿ ಹೆಣ್ಣುಮಕ್ಕಳ ಸಂಘಗಳು ಹುಟ್ಟಿದವು. ಹೆಚ್ಚಿನವರು ದಲಿತರು. ಬೀಳು ಬಿದ್ದ ಭೂಮಿ ಹಸನು ಮಾಡಿದರು, ಜೋಳ, ನವಣೆ, ತೊಗರಿ ಬಿತ್ತಿದರು, ಬೀಜ ಕೂಡಿಟ್ಟರು. ಸಂಕ್ರಾಂತಿ ಹೊತ್ತಿಗೆ ಎತ್ತಿನ ಬಂಡಿಯಲ್ಲಿ ಬೀಜ ಹೊತ್ತು ಊರೂರು ತಿರುಗುವ ಹಳೆ ಬೆಳೆಗಳ ಜಾತ್ರೆಯನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಈ ಕೆಲಸಕ್ಕೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಸತೀಶ್ 2023ರ ಮಾರ್ಚಿನಲ್ಲಿ ತೀರಿಕೊಂಡರು.

1990ರ ದಶಕದ ಕೊನೆಗೆ ಈ ಸಂಘಗಳ ಕೆಲವು ಹೆಣ್ಣುಮಕ್ಕಳು ವಿಡಿಯೊ ಕ್ಯಾಮೆರಾ ಕಲಿತರು. ಅವರಲ್ಲಿ ಹಲವರಿಗೆ ಓದು ಬರಹ ಇರಲಿಲ್ಲ. 2001ರಲ್ಲಿ ಅವರದೇ ಕಮ್ಯುನಿಟಿ ಮೀಡಿಯಾ ಟ್ರಸ್ಟ್ ಶುರುವಾಯಿತು. ಕ್ಯಾಮೆರಾ ಕಲಿಸುವ ಪುಸ್ತಕದಲ್ಲಿ ಶಾಟ್‌ಗಳಿಗೆ ಇಂಗ್ಲಿಷ್ ಹೆಸರುಗಳಿರುತ್ತವೆ. ಮೇಲಿನಿಂದ ತೆಗೆದದ್ದಕ್ಕೆ ಒಂದು, ಕೆಳಗಿನಿಂದ ತೆಗೆದದ್ದಕ್ಕೆ ಒಂದು, ಸಮ ಎತ್ತರದಿಂದ ತೆಗೆದದ್ದಕ್ಕೆ ಒಂದು. ಈ ಹೆಣ್ಣುಮಕ್ಕಳು ಆ ಹೆಸರು ಬಿಟ್ಟು ತಮ್ಮ ಹೆಸರು ಇಟ್ಟರು. ಒಬ್ಬರು ಮೇಲೆ, ಒಬ್ಬರು ಕೆಳಗೆ ಇರುವ ನೋಟಗಳಿಗೆ ಪಟೇಲನ ಹೆಸರು, ಜೀತದಾಳಿನ ಹೆಸರು. ಕಣ್ಣಿಗೆ ಕಣ್ಣು ಸಮ ಇರುವ ನೋಟಕ್ಕೆ 'ಸಂಘಂ ಶಾಟ್'. ಯಾಕಂದ್ರ ಸಂಘದಲ್ಲಿ ಎಲ್ಲರೂ ಒಂದೇ ಎತ್ತರಕ್ಕೆ ಕೂಡ್ರತಾರ.

ಇದನ್ನು ಒಂದು ಸಲ ಪರೀಕ್ಷೆ ಮಾಡಿ ನೋಡ್ರಿ. ನೆಲದ ಮೇಲೆ ಕುಂತ ಅಜ್ಜಿಯ ಚಿತ್ರವನ್ನು ನಿಂತುಕೊಂಡೇ ತೆಗೆಯಿರಿ. ತಲೆ ದೊಡ್ಡದಾಗಿ, ಮೈ ಸಣ್ಣದಾಗಿ, ಆಕೆ ಏನೋ ಬೇಡಲಿಕ್ಕೆ ಕುಂತಂಗ ಕಾಣ್ತಾಳ. ಈಗ ಆಕೆಯ ಎದುರಿಗೆ ನೆಲದ ಮೇಲೆ ಕುಂತು ತೆಗೆಯಿರಿ. ಅದೇ ಅಜ್ಜಿ, ಅದೇ ಸೀರಿ, ಅದೇ ಅಂಗಳ. ಆದರ ಈಗ ಆಕೆ ನಿಮ್ಮ ಜೋಡಿ ಮಾತಾಡುತ್ತಿರುವ ಮನಿ ಯಜಮಾನಿ. ಬದಲಾದದ್ದು ಕ್ಯಾಮೆರಾದ ಎತ್ತರ ಒಂದೇ. ಬೆಂಗಳೂರಿನ ಸಂಘದಲ್ಲಿ 'ಕೋನ ತಪ್ಪಿದೆ' ಎಂದು ಹೇಳುವುದನ್ನೇ ಪಸ್ತಾಪುರದಲ್ಲಿ ಯಾರ ಕಣ್ಣಿಂದ ಯಾರನ್ನ ನೋಡಿದಂಗಾಯ್ತು ಅಂತ ಹೇಳ್ತಾರ. ಎರಡೂ ಒಂದೇ ಚಿತ್ರದ ಮಾತು. ಎರಡನೆಯದರಲ್ಲಿ ಇನ್ನೊಂದು ಪದರ ಇದೆ. ಜೀತ ಕಂಡವರ ಮನೆಯಿಂದ ಬಂದವರಿಗೆ ಮಾತ್ರ ಆ ಪದರ ಅಷ್ಟು ಬೇಗ ಕಂಡೀತು.

ಈ ಕಣ್ಣಿನಿಂದ ಅವರು ಮಾಡಿದ ಕೆಲಸ ಜಹೀರಾಬಾದಿನಲ್ಲೇ ಉಳಿಯಲಿಲ್ಲ. ಬಿಟಿ ಹತ್ತಿ ಮೊದಲ ಸಲ ಅಧಿಕೃತವಾಗಿ ಬಿತ್ತನೆಯಾದ 2002ರ ಹಂಗಾಮಿನಿಂದ ಅವರು ವರಂಗಲ್ಲಿಗೆ ಹೋಗಿ ರೈತರ ಹೊಲದಲ್ಲಿ ನಿಂತು ಚಿತ್ರ ತೆಗೆದರು. ವರಂಗಲ್ಲಿನ ರೈತರು ಬಿಟಿ ಹತ್ತಿಯ ಮೇಲೆ ಯಾಕೆ ಸಿಟ್ಟಾಗಿದ್ದಾರೆ ಎಂದು ಕೇಳುವ ಅವರ ಚಿತ್ರ 2003ರಲ್ಲಿ ಬಂತು. ಹೊರದೇಶಗಳಲ್ಲೂ ಅದನ್ನು ತೋರಿಸಿದರು. ಬಿಟಿ ಹತ್ತಿಯ ವಾದ ಇನ್ನೂ ಮುಗಿದಿಲ್ಲ, ಇಲ್ಲಿ ನಾನು ಅದರ ತೀರ್ಪು ಹೇಳುತ್ತಿಲ್ಲ. ರೈತನ ಎದುರಿಗೆ ರೈತಳೇ ಕ್ಯಾಮೆರಾ ಹಿಡಿದು ನಿಂತಾಗ ಮಾತು ಬೇರೆ ಬರುತ್ತದೆ ಎಂಬುದಷ್ಟೇ ನನ್ನ ವಿಷಯ. 2008ರ ಅಕ್ಟೋಬರ್ 15ರಂದು ಝರಾಸಂಗಂ ಮಂಡಲದ ಮಾಚನೂರಿನಲ್ಲಿ ಇದೇ ಸಂಘಗಳ ರೇಡಿಯೊ ಶುರುವಾಯಿತು. ಚಿತ್ರಕ್ಕೆ ಕಣ್ಣು ಬಂದ ಮೇಲೆ ದನಿಯೂ ಬಂತು.

ಕೆಲವು ಮಾಸ್ತರರು ಕೇಳಬಹುದು: ಅವರದು ವಿಡಿಯೊ, ಸಂಘದ ಕೆಲಸ. ಬೆಂಗಳೂರಿನವರದು ಫೋಟೊ, ಹವ್ಯಾಸ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟುವುದು ಸರಿಯೇ ಅಂತ. ಕೇಳುವುದು ನ್ಯಾಯವೇ. ಇಬ್ಬರ ಗುರಿ ಬೇರೆ ಹೌದು. ಆದರೆ ಇಬ್ಬರೂ ಕ್ಯಾಮೆರಾ ಕಲಿತದ್ದು ಸ್ಟುಡಿಯೊ ಇಟ್ಟು ದುಡಿಯಲಿಕ್ಕೆ ಅಲ್ಲ. ಇಬ್ಬರೂ ತಮ್ಮ ಚಿತ್ರವನ್ನು ತಮ್ಮವರ ಮುಂದೆ ಇಟ್ಟು ಮಾತು ಕೇಳಿಸಿಕೊಂಡರು. ಒಬ್ಬರು ಚಿತ್ರದ ಅಚ್ಚುಕಟ್ಟು ಕಲಿಸಿದರು, ಇನ್ನೊಬ್ಬರು ಚಿತ್ರದ ನ್ಯಾಯ ಕಲಿಸಿದರು. ಅಚ್ಚುಕಟ್ಟು ಇಲ್ಲದ ಚಿತ್ರವನ್ನು ಯಾರೂ ನಿಂತು ನೋಡುವುದಿಲ್ಲ. ನ್ಯಾಯ ಇಲ್ಲದ ಚಿತ್ರ ಎಷ್ಟು ಅಚ್ಚುಕಟ್ಟಾಗಿದ್ದರೂ ಒಳಗಿನವರಿಗೆ ನೋವು ಕೊಡುತ್ತದೆ. ಕಲ್ಕತ್ತಾದ ಸಂಘ 1857ರಲ್ಲಿ ಸೋತದ್ದು ಈ ಎರಡನೆಯದರಲ್ಲೇ.

ನಮಗೆ ಇದು ದೂರದ ವಿಷಯ ಅಲ್ಲ. ಇವತ್ತು ಮನೆಗೊಂದು ಫೋನು, ಫೋನಿಗೊಂದು ಕ್ಯಾಮೆರಾ. ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆ, ತಾಂಡೂರಿನ ಕಲ್ಲಿನ ಗಣಿಯ ಕೆಲಸ, ಕಬ್ಬಿನ ಗಾಡಿಗಳು, ಎಲ್ಲವೂ ದಿನಾ ಚಿತ್ರ ಆಗುತ್ತವೆ. ನೋಡಿದವರು 'ಸೂಪರ್' ಅಂತಾರ, ಮುಂದಕ್ಕೆ ದೂಡ್ತಾರ. ಗಣಿಯಲ್ಲಿ ಕಲ್ಲು ಎಬ್ಬಿಸುವವನನ್ನು ಮೇಲಿನ ದಂಡೆಯಿಂದ ತೆಗೆದರೆ ಅವನು ಇರುವೆಯಂಗ ಕಾಣ್ತಾನ. ಕೆಳಗಿಳಿದು ಅವನ ಸಮಕ್ಕೆ ನಿಂತು ತೆಗೆದರೆ ಅವನ ಕೈಯ ಕಸುಬು ಕಾಣ್ತದ. ಈ ವ್ಯತ್ಯಾಸ ಹೇಳುವವರು ಇಲ್ಲದಿದ್ದರೆ ಹುಡುಗರು ದಂಡೆಯ ಮೇಲೇ ನಿಂತಿರ್ತಾರ. ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಹಳೆಯ ಟ್ರಂಕಿನಿಂದ ತೆಗೆದ ಚಿತ್ರದಲ್ಲಿ ನಿಂತವರು ಯಾರು, ಊರು ಯಾವುದು, ವರುಷ ಯಾವುದು ಎಂಬುದು ಒಬ್ಬ ಹಿರಿಯರು ಹೋದ ಕೂಡಲೆ ಹೋಗಿಬಿಡುತ್ತದೆ. ಎರಡು ಸಲ ರಾಜ್ಯ ಬದಲಾದ ನಮ್ಮಂಥ ಗಡಿಯವರಿಗೆ ಹಳೆ ಚಿತ್ರವೇ ಒಂದು ದಾಖಲೆ. ಕನ್ನಡ ಶಾಲೆಯ ಹಳೆ ಫಲಕದ ಚಿತ್ರ ಇದ್ದು, ಅದು ಯಾವ ಊರಿನದು ಅಂತ ಹೇಳುವವರಿಲ್ಲದಿದ್ದರೆ ಆ ದಾಖಲೆ ಅರ್ಧ ಸತ್ತಂಗ.

ಅದಕ್ಕೇ ನಮ್ಮ ಓದುವ ಕೋಣೆಯಲ್ಲಿ ತಿಂಗಳಿಗೊಂದು ಸಂಜೆ ಚಿತ್ರ ನೋಡಲಿಕ್ಕೆ ಕೂಡ್ರಬೇಕು ಅಂತ ನನ್ನ ಕೋರಿಕೆ. ಭಾಳ ಖರ್ಚಿನ ಕೆಲಸ ಅಲ್ಲ. ಹುಡುಗರು, ಹೆಣ್ಣುಮಕ್ಕಳು, ಮಾಸ್ತರರು ಒಬ್ಬೊಬ್ಬರು ಒಂದೇ ಚಿತ್ರ ತರಲಿ. ಹತ್ತು ತಂದರ ಆರಿಸುವ ಕಲೆ ಕಲಿಯಂಗಿಲ್ಲ. ಹೆಸರು ಹಿಂದೆ ಇರಲಿ, ಚಿತ್ರ ಮುಂದೆ ಇರಲಿ. ಕುಂತವರು ಮೂರೇ ಪ್ರಶ್ನೆ ಕೇಳಲಿ. ಕಣ್ಣು ಮೊದಲು ಎಲ್ಲಿಗೆ ಹೋಯ್ತು, ಅಲ್ಲಿಗೇ ಹೋಗಬೇಕಿತ್ತೇನು? ತೆಗೆದವರು ಎಲ್ಲಿ ನಿಂತಿದ್ದರು, ಮೇಲೋ, ಕೆಳಗೋ, ಸಮಕ್ಕೋ? ಚಿತ್ರದೊಳಗಿನವರು ಇದನ್ನ ನೋಡಿದರ ಒಪ್ಪತಾರೇನು? ಸಾಧ್ಯ ಇದ್ದರ ಆ ಮೂರನೆಯ ಪ್ರಶ್ನೆಗೆ ಉತ್ತರ ಹೇಳಲಿಕ್ಕೆ ಅವರನ್ನೇ ಕರೀರಿ. ಕುರುಬನ ಚಿತ್ರ ಇದ್ದರ ಕುರುಬನೇ ಬರಲಿ. ಕಂಬದ ತಪ್ಪು ಮಾಸ್ತರರು ಹೇಳ್ತಾರ, ಹಿಂಡಿನ ತಪ್ಪು ಅವನು ಹೇಳ್ತಾನ.

ಕೊನೆಗೆ, ಏಳುವ ಮೊದಲು, ಪ್ರತಿ ಚಿತ್ರದ ಹಿಂದೆ ಪೆನ್ಸಿಲ್ಲಿನಿಂದ ಊರು, ತಾರೀಖು, ಚಿತ್ರದಲ್ಲಿ ಇದ್ದವರ ಹೆಸರು ಕನ್ನಡದಲ್ಲಿ ಬರೆದು ಕೋಣೆಯ ಕಪಾಟಿನಲ್ಲಿ ಇಡೋಣ. ಪೆನ್ನಿನ ಶಾಯಿ ಮುಂದಕ್ಕೆ ಹಾಯ್ದು ಚಿತ್ರ ಕೆಡಿಸ್ತದ, ಪೆನ್ಸಿಲ್ಲು ಕೆಡಿಸಂಗಿಲ್ಲ. ಮನೆಯಲ್ಲಿ ಹಳೆ ಚಿತ್ರ ಇದ್ದವರು ಅವನ್ನೂ ಒಂದು ಸಂಜೆಗೆ ತರ್ರಿ. ಹೆಸರು ಹೇಳುವ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮೊದಲು ಅವರನ್ನು ಕೂಡಿಸೋಣ.